ಭಾವನ ಎಂಜಿನ್ನಿನ ತೇಗು

ನನ್ನ ಭಾವ ಮನುಷ್ಯರ ಆರೋಗ್ಯ ವಿಚಾರಿಸಿದ್ದನ್ನು ನಾನು ಕಂಡೇ ಇರಲಿಲ್ಲ. ನಮ್ಮಮ್ಮನಿಗೆ ಮಂಡಿನೋವು ಬಂದು ವರ್ಷವಾಗಿದ್ದರೂ ಅದು ಎಡಗಾಲಿನದೋ ಬಲಗಾಲಿನದೋ ಅವರಿಗೆ ತಿಳಿಯದು. ಆದರೆ ಕಾರು ಇದ್ದ ಕಾಲದಲ್ಲಿ ಅದರ ಎಂಜಿನ್ ಈ ವಾರ ಎಷ್ಟು ತೇಗಿತು, ಆ ತೇಗಿನಲ್ಲಿ ಎಣ್ಣೆ ಎಷ್ಟು, ನೀರೆಷ್ಟು ಎಂದು ಕೇಳಿ ನೋಡಬೇಕಿತ್ತು! ನೀವು ಬಸ್ಸಿಗೆ ಹೊರಟಿದ್ದರೆ ಬಸ್ಸು ತಪ್ಪಿತೆಂದೇ ತಿಳಿಯಿರಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಬಾಗಲಕೋಟೆ ಕಡೆ. ಮಾಕಳಿಯ ಹತ್ತಿರ ಕಂಪ್ರೆಸರ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ದಿನವಿಡೀ ಗಾಳಿ ಒತ್ತುವ ಯಂತ್ರಗಳ ನಡುವೆ ಇದ್ದು ಬಂದವರು ಮನೆಯಲ್ಲಿ ಸುಮ್ಮನೆ ಕೂರಬಹುದಲ್ಲವೇ? ಇಲ್ಲ. ತಮ್ಮ ಹಳೆಯ ಕಾರಿಗೆ ಎಲ್ಲಿಂದಲೋ ಒಂದು ಸೂಪರ್‌ಚಾರ್ಜರ್ ತಂದು ಕೂರಿಸಿದರು. ಎಂಜಿನ್ ತಾನಾಗಿ ಎಳೆದುಕೊಳ್ಳುವ ಗಾಳಿ ಸಾಲದೆಂದು ಇನ್ನಷ್ಟು ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಸಾಕು ಎಂದರೂ ಬಿಡದೆ ಬಡಿಸುವ ಬೀಗರ ಹಾಗೆ. ಕಾರೇನೋ ಜೋರಾಗಿ ಓಡಿತು. ಹೆಬ್ಬಾಳದ ಫ್ಲೈಓವರ್ ಮೇಲೆ ಮಾತ್ರ ಉಳಿದ ಕಾರುಗಳ ಜೊತೆ ನಿಂತೇ ಇರುತ್ತಿತ್ತು.

ನಾನು ಅವರ ಯಲಹಂಕದ ಫ್ಲ್ಯಾಟಿಗೆ ಬಂದದ್ದು ಜೂನ್‌ನಲ್ಲಿ, ನನ್ನ ಮದುವೆ ಮುರಿದ ಮೇಲೆ. ಎರಡು ಸೂಟ್‌ಕೇಸು ತಂದಿದ್ದೆ, ಒಂದನ್ನು ತೆರೆದಿರಲಿಲ್ಲ. ಅಕ್ಕ ಊಟಕ್ಕೆ ಕರೆದರೆ ಏಳುತ್ತಿದ್ದೆ, ಇಲ್ಲದಿದ್ದರೆ ಗೋಡೆ ನೋಡಿಕೊಂಡು ಮಲಗಿರುತ್ತಿದ್ದೆ. ಬಂದವರೆಲ್ಲ ನನ್ನೊಂದಿಗೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಭಾವ ಒಬ್ಬರೇ ಕೋಣೆಯ ಬಾಗಿಲಲ್ಲಿ ನಿಂತು, ದೊಡ್ಡ ದನಿಯಲ್ಲಿ, "ತಂಗಿ, ಬ್ಲೋ-ಬೈ ಅಂದ್ರ ಏನಂತ ಗೊತ್ತೈತೇನು?" ಎಂದು ಕೇಳಿದವರು.

ಗೊತ್ತಿಲ್ಲ ಎಂದುಬಿಟ್ಟೆ. ಅದೇ ನಾನು ಮಾಡಿದ ತಪ್ಪು.

"ನೋಡವಾ, ಸಿಲಿಂಡರ್‌ದಾಗ ಪೆಟ್ರೋಲು ಉರೀತೈತಲ್ಲ, ಅದರಾಗ ಸ್ವಲ್ಪ ಹೊಗಿ ಪಿಸ್ಟನ್ ಸಂದಿಯಿಂದ ಕೆಳಗ ನುಸುಳತೈತಿ. ಕೆಳಗ ಎಣ್ಣಿ ಇರತೈತಿ. ನಾ ಗಾಳಿ ಒತ್ತಿ ತುಂಬಾಕತ್ತೀನಿ, ಹಂಗಾಗಿ ನುಸುಳೋದೂ ಜಾಸ್ತಿ. ಅದು ಹೊರಗ ಬರಬೇಕು. ಗಡದ್ದಾಗಿ ಉಂಡ ಮ್ಯಾಲೆ ತೇಗು ಬರಂಗಿಲ್ಲೇನು?"

"ಬರದಿದ್ರೆ?"

"ಹೊಟ್ಟಿ ಒಡೀತೈತಿ."

ತೊಂದರೆ ಎಂದರೆ, ಈ ತೇಗಿನ ಜೊತೆ ಎಣ್ಣೆಯೂ ಮಂಜಿನಂತೆ ಹೊರಡುತ್ತದೆ. ತಿರುಗಿ ಎಂಜಿನ್ನಿಗೇ ಬಿಟ್ಟರೆ ಸೂಪರ್‌ಚಾರ್ಜರ್ ಎಲ್ಲ ಜಿಡ್ಡು. ಹಾಗೇ ಹೊರಗೆ ಬಿಟ್ಟರೆ ವಾಸನೆ, ಜೊತೆಗೆ ನೆಲದ ಮೇಲೆ ಹನಿ. ಆದ್ದರಿಂದ ಭಾವ ಅಕ್ಕನ ಸ್ಟೀಲ್ ಡಬ್ಬಿಯೊಂದಕ್ಕೆ ತೂತು ಕೊರೆದು, ಎಂಜಿನ್ನಿನಿಂದ ಅದಕ್ಕೆ ಪೈಪು ಕೊಟ್ಟು, ಮುಚ್ಚಳದ ಮೇಲೆ ಸಣ್ಣ ಫಿಲ್ಟರ್ ಕೂರಿಸಿದರು. ಎಣ್ಣೆ ಡಬ್ಬಿಯಲ್ಲಿ ಉಳಿಯಬೇಕು, ಗಾಳಿ ಫಿಲ್ಟರ್ ಮೂಲಕ ಹೊರಗೆ ಹೋಗಬೇಕು. ಎಣ್ಣೆಯ ಮಂಜು ಅಂಟಿಕೊಳ್ಳಲು ಒಳಗೊಂದು ಜಾಳಿಗೆ ಬೇಕಲ್ಲ? ಮಾರನೆಯ ದಿನ ಅಕ್ಕ ಸಿಂಕಿನ ಮುಂದೆ ನಿಂತು ಕೂಗಿದಳು.

"ರೀ, ನಿನ್ನೆ ತಂದ ಸ್ಟೀಲ್ ಸ್ಕ್ರಬ್ಬರ್ ಎಲ್ಲಿ?"

"ಕೆಲಸದಾಗ ಐತಿ."

"ನೀವ್ಯಾವ ಪಾತ್ರೆ ತಿಕ್ತಿದೀರ?"

"ಪಾತ್ರಿ ಅಲ್ಲ. ಉಸಿರು ತಿಕ್ಕಾಕತ್ತೀನಿ."

ಭಾನುವಾರ ಬೆಳಿಗ್ಗೆ ಆ ಡಬ್ಬಿ ಖಾಲಿ ಮಾಡುವುದು ಒಂದು ವ್ರತ. ಯಲಹಂಕದ ಮಳೆಗಾಲದ ತಂಪಿಗೆ ಎಣ್ಣೆಯೂ ನೀರೂ ಕದಡಿ ಹಾಲು ಬೆರೆಸಿದ ಹಾಗೆ ಕಂದು ಬಣ್ಣಕ್ಕೆ ಬರುತ್ತಿತ್ತು. ಅದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಮೇಲೆ ತಂದು, ಟೀಪಾಯಿಯ ಮೇಲಿಟ್ಟು ಬೆಳಕಿನಲ್ಲಿ ಪರೀಕ್ಷಿಸುತ್ತಿದ್ದರು. ಜುಲೈನ ಒಂದು ಭಾನುವಾರ, ಪಾರ್ಕಿಂಗ್ ನೆಲದ ಎಣ್ಣೆ ಕಲೆಯ ಬಗ್ಗೆ ದೂರು ಹೇಳಲು ಅಪಾರ್ಟ್‌ಮೆಂಟಿನ ಅಧ್ಯಕ್ಷರು ಬಂದರು. ನಿವೃತ್ತರು, ಶಿಸ್ತಿನವರು. ಮಾತಿನ ಭರದಲ್ಲಿ ಕೈ ಚಾಚಿ ಲೋಟ ಎತ್ತಿದರು. ತುಟಿಯವರೆಗೆ ಹೋಗಿತ್ತು, ಅಕ್ಕ ಓಡಿ ಬಂದು ಕಿತ್ತುಕೊಂಡಳು.

"ಕಾಫಿ ಕೊಡೋಕೆ ಇಷ್ಟ ಇಲ್ಲ ಅಂದ್ರೆ ಹೇಳ್ಬಹುದಿತ್ತಮ್ಮಾ," ಎಂದರು ಅವರು.

"ಸಾಹೇಬ್ರ, ಅದು ಕಾಫಿ ಅಲ್ರಿ," ಎಂದರು ಭಾವ. "ನಮ್ಮ ಎಂಜಿನ್ ತೇಗಿದ್ದು."

ಅಧ್ಯಕ್ಷರು ಎದ್ದು ನಿಂತರು. ಅವರನ್ನು ಸಮಾಧಾನ ಮಾಡುವ ಆತುರದಲ್ಲಿ ಭಾವ ಮಾತು ಕೊಟ್ಟುಬಿಟ್ಟರು: "ಇನ್ನ ಮ್ಯಾಲೆ ಒಂದು ಹನಿ ಎಣ್ಣಿ ನೆಲಕ್ಕ ಬಿದ್ರೂ ಕಾರು ಮಾರ್ತೀನ್ರಿ."

"ನಾನೇ ಸಾಕ್ಷಿ ಸರ್," ಎಂದಳು ಅಕ್ಕ, ತಡಮಾಡದೆ.

ಅಂದಿನಿಂದ ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಭಾವ ಕಾರಿನ ಕೆಳಗೆ ಹಾಸಿದ ಪೇಪರನ್ನು ಟಾರ್ಚ್ ಹಾಕಿ ನೋಡಿ ಬರುತ್ತಿದ್ದರು. ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು. ಒಂದು ಹನಿಯೂ ಇಲ್ಲ. ಅವರು ಮೊಬೈಲಿನಲ್ಲಿ ತೆಗೆದುಕೊಂಡ ಖಾಲಿ ಪೇಪರಿನ ಫೋಟೋಗಳನ್ನು ನಾನೂ ನೋಡಬೇಕಾಗುತ್ತಿತ್ತು.

ಅಕ್ಟೋಬರ್‌ನಲ್ಲಿ ಆಯುಧಪೂಜೆ ಬಂತು. ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಎಲ್ಲರೂ ಗಾಡಿ ತೊಳೆಯುವ ಸದ್ದು ಮೇಲಿನವರೆಗೆ ಕೇಳುತ್ತಿತ್ತು. ಯಾಕೋ ಎದ್ದೆ, ಮುಖ ತೊಳೆದೆ, ಕೆಳಗಿಳಿದೆ. ಭಾವ ಹೂವು, ಬೂದುಗುಂಬಳ ತರಲು ಹೋಗಿದ್ದರು. ನಾನೇ ಕಾರು ತೊಳೆದೆ. ಬಾನೆಟ್ ಎತ್ತಿ ಎಂಜಿನ್ನನ್ನೂ ತೊಳೆದೆ. ಡಬ್ಬಿಯ ಫಿಲ್ಟರಿಗೆ ನೀರು ಹೋಗಬಾರದು ಎನ್ನುವಷ್ಟು ಪಾಠ ನನಗೂ ಆಗಿತ್ತಲ್ಲ! ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ, ನನ್ನ ತಲೆಗೂದಲ ರಬ್ಬರ್ ಬ್ಯಾಂಡನ್ನು ನಾಲ್ಕು ಸುತ್ತು ಬಿಗಿದೆ. ಒರೆಸಿದೆ. ಬಾನೆಟ್ ಮುಚ್ಚಿದೆ. ಕವರ್ ತೆಗೆಯಲಿಲ್ಲ.

ಪೂಜೆಯಾಯಿತು. ಭಾವ ಚಕ್ರಗಳನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ, ಅಧ್ಯಕ್ಷರು ನೋಡುತ್ತಿದ್ದಾರೆಂಬ ಉಮೇದಿನಲ್ಲಿ ಪಾರ್ಕಿಂಗ್‌ನ ಇಳಿಜಾರಿನ ಮೇಲೆ ಕಾರನ್ನು ಜೋರಾಗಿಯೇ ಏರಿಸಿದರು. ಅರ್ಧ ದಾರಿಯಲ್ಲಿ ಬಾನೆಟ್ಟಿನೊಳಗೆ 'ಟಪ್' ಎಂದು ಸದ್ದಾಯಿತು. ಉಸಿರು ಹೊರಹೋಗಲು ದಾರಿ ಸಿಗದ ಎಂಜಿನ್, ತನ್ನ ಎಣ್ಣೆ ಅಳೆಯುವ ಕಡ್ಡಿಯನ್ನೇ ಹೊರಗೆ ಎಸೆದಿತ್ತು. ಹೊಸದಾಗಿ ತೊಳೆದ ನೆಲದ ಮೇಲೆ, ಅಷ್ಟೂ ಮನೆಯವರ ಎದುರಿಗೆ, ಎಣ್ಣೆ ಧಾರೆಯಾಗಿ ಇಳಿಯಿತು.

ಭಾವ ಬಾನೆಟ್ ಎತ್ತಿದರು. ಡಬ್ಬಿಯ ಮೇಲೆ ಕವರ್ ಪೂರಿಯಂತೆ ಉಬ್ಬಿ ಕೂತಿತ್ತು, ಸುತ್ತಲೂ ನನ್ನ ಕಿತ್ತಳೆ ಬಣ್ಣದ ಬ್ಯಾಂಡು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಎರಡನ್ನೂ ಕಿತ್ತು ಜೇಬಿಗೆ ತುರುಕಿಕೊಂಡರು.

"ನಂದೇ ತಪ್ರಿ," ಎಂದರು ಅಧ್ಯಕ್ಷರಿಗೆ. "ನೀರು ಬೀಳಬಾರದಂತ ಕವರ್ ಕಟ್ಟಿದ್ದೆ, ತೆಗೀಲಿಕ್ಕೆ ಮರ್ತೆ. ಮಾತು ಅಂದ್ರ ಮಾತು. ಕಾರು ಮಾರ್ತೀನಿ."

ಮಧ್ಯಾಹ್ನ ಅಕ್ಕನಿಗೆ ನಿಜ ಹೇಳಿದೆ. ಅವಳು ಹೋಳಿಗೆ ಹಿಟ್ಟು ನಾದುತ್ತಲೇ, "ಗೊತ್ತು ಕಣೇ," ಎಂದಳು. "ನನ್ ಹುಟ್ಟಿದಬ್ಬ ಮರೀತಾರೆ, ಮನೆ ಬೀಗ ಮರೀತಾರೆ. ಎಂಜಿನ್ ಬಾಯಿ ಕಟ್ಟಿ ಮರೀತಾರಾ?"

ಕಾರು ಕೊಳ್ಳುವವರು ಹುಣಸಮಾರನಹಳ್ಳಿಯಿಂದ ಭಾನುವಾರ ಬರುವವರಿದ್ದರು. ಶನಿವಾರ ಭಾವ ಕಾರಿನ ಮುಂದೆ ಬಗ್ಗಿ, ತೊಳೆದ ಡಬ್ಬಿಯನ್ನು ಮತ್ತೆ ಕೂರಿಸುತ್ತಿದ್ದರು. ಹತ್ತಿರ ಹೋಗಿ ನಿಂತೆ.

"ಭಾವ, ತಪ್ಪು ನಂದು ಅಂತ ನಾನೇ ಹೋಗಿ ಅವ್ರಿಗೆ ಹೇಳ್ತೀನಿ. ಮಾರ್ಬೇಡಿ."

"ಸುಮ್ನಿರು."

"ಯಾಕ್ ಭಾವ ಹಂಗೆ ಹೇಳಿದ್ರಿ?"

ಅವರು ತಲೆ ಎತ್ತಲಿಲ್ಲ. "ಕಾರು ಇನ್ನೊಂದು ಸಿಗತೈತವಾ. ನೀ ಬಂದು ನಾಕು ತಿಂಗಳಾತು. ಯಾರೂ ಕರೀದ, ನೀನಾಗಿ ಎದ್ದು ಬಂದು ಒಂದು ಕೆಲಸಕ್ಕ ಕೈ ಹಚ್ಚಿದ್ದು ಅವತ್ತೊಂದೇ ದಿನ. ಅದನ್ನ ಅಷ್ಟು ಮಂದಿ ಮುಂದ ತಪ್ಪು ಅಂತ ಹ್ಯಾಂಗ ಹೇಳ್ಲಿ?"

ಆಮೇಲೆ ಪೈಪಿನ ತುದಿ ನನ್ನ ಕೈಗಿಟ್ಟು, "ಗಟ್ಟಿ ಹಿಡಿ," ಎಂದರು. ಎರಡೂ ಕೈಯಲ್ಲಿ ಹಿಡಿದೆ. ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.