ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ನಾನು ಕಂಡದ್ದು

ಹತ್ತು ಮಂದಿಯ ಮುಂದೆ ಹೇಳಿಕೊಳ್ಳಲು ಗಂಡಸಿಗೊಂದು ಕಥೆ ಬೇಕು. ಕೆಲವರಿಗೆ ಹಾವು ಹೊಡೆದದ್ದು, ಕೆಲವರಿಗೆ ಮಂತ್ರಿಯ ಪಕ್ಕ ಕೂತು ಉಂಡದ್ದು. ನನ್ನದು ಸ್ವಲ್ಪ ಎತ್ತರದ್ದು. ದೋಹಾಕ್ಕೆ ಬರುವ ಮುಂಚೆ ನಾನು ವಾಯುಪಡೆಯಲ್ಲಿದ್ದೆ. ತೀರಾ ಮೇಲೆ ಹಾರಿ ಶತ್ರುವಿನ ನೆಲದ ಫೋಟೋ ತೆಗೆಯುವ ಬೇಹುಗಾರಿಕೆ ವಿಮಾನದ ಹೊಟ್ಟೆಗೆ ಕ್ಯಾಮರಾ ಕೂರಿಸುವುದು ನನ್ನ ಕೆಲಸ. ನಿವೃತ್ತಿಯ ವಾರ ಸಾಹೇಬರು, "ಇಷ್ಟು ವರ್ಷ ಬೇರೆಯವರನ್ನು ಕಳಿಸಿದ್ದೀಯ, ಒಮ್ಮೆ ನೀನೂ ಹೋಗಿ ಬಾ" ಎಂದು ಎರಡು ಸೀಟಿನ ವಿಮಾನದಲ್ಲಿ ನನ್ನನ್ನು ಪ್ರಯಾಣಿಕನಾಗಿ ಕೂರಿಸಿದರು. ಇಪ್ಪತ್ತು ಕಿಲೋಮೀಟರ್ ಎತ್ತರ! ನಮ್ಮೂರ ಇಗರ್ಜಿಯವರಲ್ಲಿ ಸಾಯದೆಯೇ ಅಷ್ಟು ಮೇಲೆ ಹೋದವನು ನಾನೊಬ್ಬನೇ.

ಇಲ್ಲಿ ದೋಹಾದ ಮುಶೈರಿಬ್‌ನ ಆಫೀಸಿನಲ್ಲಿ ಕೂತು ಎ.ಸಿ. ಕೆಟ್ಟ ದೂರುಗಳನ್ನು ಬರೆದುಕೊಳ್ಳುವ ನನಗೆ ವಾರವಿಡೀ ಯಾರೂ ಬೆಲೆ ಕೊಡುವುದಿಲ್ಲ. ರಜೆಯ ಶುಕ್ರವಾರ ಮಾತ್ರ ನನ್ನದು. ನಾನು ಚರ್ಚಿನಲ್ಲಿ ಪೂಜೆ ಮುಗಿಸಿ, ಉಳ್ಳಾಲದ ಗೆಳೆಯ ಹಮೀದ್ ಜುಮಾ ಮುಗಿಸಿ, ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನಲ್ಲಿ ಸಂಸಾರ ಸಮೇತ ಕೋರಿ ರೊಟ್ಟಿಗೆ ಕೂರುತ್ತೇವೆ. ಹೆಂಡತಿ ಲಿಲ್ಲಿ ಬಡಿಸುತ್ತಾಳೆ, ನಾನು ಹಾರುತ್ತೇನೆ. ಮಧ್ಯಾಹ್ನದಲ್ಲೇ ಕಪ್ಪಾದ ಆಕಾಶ, ಕೆಳಗೆ ಬಾಗಿದ ಭೂಮಿ. ಎರಡನೇ ಸಲ ಸಾರು ಹಾಕಿಸಿಕೊಂಡ ಮೇಲೆ ನಕ್ಷತ್ರಗಳೂ ಬರುತ್ತವೆ. "ಕಳೆದ ವಾರ ಭೂಮಿ ಸ್ವಲ್ಪ ಬಾಗಿದ್ದು ಮಾತ್ರ ಮಾರಾಯ್ರೆ, ಇವತ್ತು ಪೂರ್ತಿ ಉರುಟಾಯ್ತಲ್ಲ!" ಎಂದು ಹಮೀದ್ ಕಾಲೆಳೆಯುತ್ತಾನೆ.

ಕಳೆದ ಶುಕ್ರವಾರ ಎಂಟನೇ ಕ್ಲಾಸಿನ ಅವನ ಮಗಳು ಶಾಜಿಯಾ ನೋಟ್‌ಬುಕ್ ಹಿಡಿದೇ ಬಂದಳು. "ಅಂಕಲ್, ನಮ್ಮ ಟೀಚರ್ ಹೇಳ್ತಾರೆ, ಅಷ್ಟು ಮೇಲೆ ಹೋದ್ರೂ ಡೇಟೈಮಲ್ಲಿ ಸ್ಟಾರ್ಸ್ ಕಾಣುದಿಲ್ಲಂತೆ. ನಾನು ಎದ್ದು ನಿಂತು, ನಮ್ಮ ಅಂಕಲ್ ನೋಡಿದ್ದಾರೆ ಅಂತ ಹೇಳ್ದೆ. ಎಲ್ಲ ನಕ್ಕರು. ಸಂಡೇ ನಾನು ನಿಮ್ಮ ಸ್ಟೋರಿ ಬರ್ದು ಕ್ಲಾಸಲ್ಲಿ ಓದ್ಬೇಕು. ಟೀಚರ್ ರಾಂಗ್ ಅಲ್ವಾ?"

ಬಾಯಿಗೆತ್ತಿದ ರೊಟ್ಟಿಯನ್ನು ತಟ್ಟೆಗೆ ಇಳಿಸಿದೆ. ನಿಮ್ಮ ಮುಂದೆ ಮುಚ್ಚಿಡುವುದೇನು? ವಿಮಾನ ಹತ್ತಿದ ಆ ದಿನ ಇಬ್ಬರು ಸೇರಿ ಮದುಮಗನಿಗೆ ಉಡಿಸಿದಂತೆ ನನಗೆ ಆ ಬಿಗಿ ಉಡುಪು ಹಾಕಿ, ಹೆಲ್ಮೆಟ್ ಮುಚ್ಚಿದರು. ನನ್ನ ಉಸಿರು ನನಗೇ ಕೇಳುತ್ತಿತ್ತು. ಇಂಜಿನ್ ಗರ್ಜಿಸಿದ್ದೇ ತಡ, ಕಣ್ಣು ಮುಚ್ಚಿ ಜಪಮಾಲೆ ಪ್ರಾರ್ಥನೆ ಶುರು ಮಾಡಿದೆ. ದಪ್ಪ ಗ್ಲೌಸಿನ ಬೆರಳಲ್ಲಿ ಎಣಿಕೆಯೂ ತಪ್ಪುತ್ತಿತ್ತು. "ನೋಡಿದಿರಾ?" ಎಂದು ಪೈಲಟ್ ಸಾಹೇಬರ ದನಿ ಕಿವಿಯಲ್ಲಿ. "ನೋಡಿದೆ ಸರ್." ಕಣ್ಣು ಬಿಟ್ಟದ್ದು ಚಕ್ರ ನೆಲಕ್ಕೆ ತಾಗಿದ ಮೇಲೆ. ಆಮೇಲೆ ಚಹಾ ಕುಡಿಯುತ್ತ ಅವರು ವರ್ಣಿಸಿದ ಆಕಾಶವನ್ನೇ ನಾನು ಇಷ್ಟು ವರ್ಷ ಬಡಿಸಿದ್ದು. ನಕ್ಷತ್ರಗಳು ಮಾತ್ರ ನನ್ನ ಸ್ವಂತದವು. ಆ ರಬ್ಬರಿನ ವಾಸನೆ, ಆ ಸಾಹೇಬರ ದನಿ ಈಗಲೂ ನೆನಪಿದೆ. ರೆಪ್ಪೆ ಒಮ್ಮೆ ಎತ್ತಿದ್ದರೆ ಸಾಕಿತ್ತಲ್ಲ ಎಂದು ಎಷ್ಟೋ ಸಲ ಅಳು ಬಂದದ್ದಿದೆ. ಕ್ಯಾಮರಾದ ಕಣ್ಣು ಸರಿಯಾಗಿ ತೆರೆಯುತ್ತದೋ ಎಂದು ಹತ್ತು ಸಲ ಪರೀಕ್ಷಿಸುತ್ತಿದ್ದ ಮನುಷ್ಯ ನಾನು!

ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ನನ್ನ ಮಾತು ನಂಬಿ ಇನ್ನೊಮ್ಮೆ ನಗೆಪಾಟಲಾಗುವವಳು ಅವಳು.

"ಮಗಾ, ಟೀಚರ್ ಹೇಳಿದ್ದೇ ಸರಿ. ನಾನು ಏನೂ ನೋಡ್ಲಿಲ್ಲ. ಹೆದರಿ ಕಣ್ಣು ಮುಚ್ಚಿದ್ದೆ."

ಹಮೀದ್ ನಗಲಿಲ್ಲ. ಅವನು ನಕ್ಕಿದ್ದರೆ ಚೆನ್ನಾಗಿತ್ತು. ಸಾರಿನ ಪಾತ್ರೆ ಹಿಡಿದಿದ್ದ ಲಿಲ್ಲಿಯೇ ಬಾಯಿಬಿಟ್ಟಳು. "ನನಗೆ ಯಾವಾಗಲೋ ಗೊತ್ತುಂಟು. ಮಂಗಳೂರಿನ ಗುಡ್ಡೆಯಲ್ಲಿ ವಿಮಾನ ಇಳಿಯುವಾಗ ನನ್ನ ಕೈ ಹಿಂಡಿ ಕಣ್ಣು ಮುಚ್ಚುವವರು, ಅಷ್ಟು ಮೇಲೆ ಕಣ್ಣು ಬಿಡ್ತಾರಾ?"

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದೆ.

"ಆ ಕಥೆ ಹೇಳುವಾಗ ನಿಮ್ಮ ಮುಖ ನೋಡ್ಲಿಕ್ಕೆ ಚಂದ ಇರ್ತದೆ. ಅದಕ್ಕೆ."

ನಾನು ಸಾರಿಗೆ ತಟ್ಟೆ ಚಾಚಿದೆ. ಶಾಜಿಯಾ ಮಾತ್ರ, "ಅಂಕಲ್, ಇದೇ ಬೆಸ್ಟ್!" ಎಂದು ಪುಟ ತಿರುವಿ ಬರೆಯತೊಡಗಿದಳು.

ಕ್ಲಾಸಿನಲ್ಲಿ ಅದನ್ನು ಓದಿದಾಗ ಚಪ್ಪಾಳೆ ಬಿತ್ತಂತೆ. ಮುಂದಿನ ವಾರ ನಾನೇ ಬಂದು ಮಕ್ಕಳಿಗೆ ಹೇಳಬೇಕೆಂದು ಟೀಚರ್ ಕರೆ ಕಳಿಸಿದ್ದಾರೆ. ದಿನಾ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಈ ಸಲ ಅಪ್ಪಟ ಸತ್ಯವನ್ನೇ ಹೇಳುವುದೆಂದು ನಿರ್ಧರಿಸಿದ್ದೇನೆ. ಆದರೆ ನಲವತ್ತು ಮಕ್ಕಳ ಮುಂದೆ ಒಂದು ಜಪಮಾಲೆ ಏನೇನೂ ಸಾಲದು ಅನ್ನಿಸಿ, ನಿನ್ನೆ ಕಥೆಯಲ್ಲಿ ಅದನ್ನು ಮೂರು ಮಾಡಿದೆ.