ಬಾವುಟ ಹಿಡಿದ ಅಪ್ಪ

ಸೀತಾರಾಮ ಚಪ್ಪಾಳೆ ತಟ್ಟಿದ್ದೇ ಎಲ್ಲ ರಗಳೆಗೂ ಮೂಲ.

ಮಗಳು ಗಗನಾ ಹೈಸ್ಕೂಲು ತಂಡದಲ್ಲಿ ವಾಲಿಬಾಲ್ ಆಡುತ್ತಾಳೆ. ತಿಂಗಳ ಹಿಂದೆ ಯಲ್ಲಾಪುರದ ಪಂದ್ಯಕ್ಕೆ ಅಪ್ಪನೂ ಹೋಗಿದ್ದ. ರೆಫರಿ ಸೀಟಿ ಊದಿ ಯಾರ ಕಡೆ ಕೈ ಚಾಚುತ್ತಾನೋ ತಪ್ಪು ಅವರದ್ದು ಎಂದು ಅವನ ತಿಳುವಳಿಕೆ. ಮಾಸ್ತರರು ಬೆರಳು ಚಾಚಿದಾಗೆಲ್ಲ ಪೆಟ್ಟು ತಿಂದು ಬೆಳೆದವನಿಗೆ ಬೇರೆ ಹೇಗೆ ತೋಚೀತು? ಕೈ ಎದುರಿನ ತಂಡದ ಕಡೆ ಚಾಚಿದಾಗೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕೈ ಚಾಚಿದ ಕಡೆಗೇ ಪಾಯಿಂಟು ಎಂದು ತಿಳಿಯುವಷ್ಟರಲ್ಲಿ ಮಗಳ ತಂಡ ಸೋತಿತ್ತು. ಎದುರಿನ ಶಾಲೆಯವರು ಪ್ರೀತಿಯಿಂದ ಅವನಿಗೆ ಮಜ್ಜಿಗೆ ತಂದುಕೊಟ್ಟಿದ್ದರು.

ಗಗನಾ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ, "ಅಪ್ಪಾ, ಇನ್ನು ನೀ ಮ್ಯಾಚಿಗೆ ಬರಡ" ಎಂದಳು.

ಅವನಿಗೆ ಊಟ ಸೇರಲಿಲ್ಲ. ಇರುವವಳು ಒಬ್ಬಳೇ ಮಗಳು, ಅವಳ ಆಟ ನೋಡುವ ಹಕ್ಕೂ ಹೋದರೆ ಉಳಿಯುವುದಾದರೂ ಏನು? "ಎಲ್ಲಾ ಕಲ್ತ್ಕಂಡು ಬತ್ತೆ. ಇನ್ನೊಂದ್ಸಲ ಬಿಡು" ಎಂದು ಗೋಗರೆದ.

"ಒಂದೇ ಸಲ" ಎಂದಳು ಮಗಳು.

ಸೀತಾರಾಮನದು ಶಿರಸಿ ಪೇಟೆಯಲ್ಲಿ ಕನ್ನಡಕದ ಅಂಗಡಿ. ಗಿರಾಕಿಯನ್ನು ಅಕ್ಷರದ ಬೋರ್ಡಿನ ಮುಂದೆ ಕೂರಿಸಿ, ತಾನು ಮೊಬೈಲಿನಲ್ಲಿ ರೆಫರಿಗಳ ವಿಡಿಯೋ ನೋಡಿದ. ಮುಂಗೈ ಸುತ್ತಿಸಿದರೆ ಆಟಗಾರ್ತಿ ಬದಲು, ನಾಲ್ಕು ಬೆರಳೆತ್ತಿದರೆ ನಾಲ್ಕು ಸಲ ಮುಟ್ಟಿದ ತಪ್ಪು. ಇಸಳೂರಿನ ಮನೆಯಲ್ಲಿ ಬೆಳಿಗ್ಗೆ ಕನ್ನಡಿ ಎದುರು ನಿಂತು, ಗಾಜು ಒರೆಸುವ ಬಟ್ಟೆಯನ್ನು ಸ್ಕೇಲಿಗೆ ಕಟ್ಟಿಕೊಂಡು, ಲೈನ್ ಅಂಪೈರಿನ ಬಾವುಟದ ಸನ್ನೆಗಳನ್ನೂ ರೂಢಿ ಮಾಡಿದ.

"ಎಂತ, ಯಕ್ಷಗಾನ ಮೇಳ ಸೇರ ವಿಚಾರ ಇದ್ದಾ?" ಎಂದಳು ಹೆಂಡತಿ ಪರಿಮಳಾ. ಗಗನಾ ಹಲ್ಲುಜ್ಜುತ್ತ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ, ಬಾಯಿ ತೊಳೆಯಲು ಹೋದಳು.

ಶಿರಸಿಯಲ್ಲಿ ತಾಲೂಕು ಫೈನಲ್ಲು. ಎದುರಿಗೆ ಬನವಾಸಿ ಕಡೆಯ ಶಾಲೆ. ಗೆದ್ದವರು ಜಿಲ್ಲೆಗೆ, ಸೋತವರು ಮನೆಗೆ. ಸೀತಾರಾಮನ ಪಕ್ಕದಲ್ಲಿ ಕೂತವರು ಚಂದ್ರಶೇಖರಪ್ಪ. ಎದುರಿನ ತಂಡದಲ್ಲಿ ಜೋರಾಗಿ ಹೊಡೆಯುವ ಪ್ರತಿಭಾ ಅವರ ಮಗಳು.

"ಅಲ್ರೀ, ಬಾಲ್ ಹೊರಗ ಬಿತ್ತು, ಆದ್ರೂ ಪಾಯಿಂಟ್ ನಮಗ ಕೊಟ್ರಲ್ಲ, ಯಾಕ್ರಿ?"

ಕೇಳಿದ್ದೇ ತಡ, ಸೀತಾರಾಮ ಹಿಗ್ಗಿಹೋದ. "ಅದು ಟಚ್. ಹೊರಗೆ ಬಿದ್ರೂ, ನಮ್ಮ ಹುಡುಗಿ ಬೆರಳಿಗೆ ತಾಗಿ ಹೋಗಿದ್ರೆ ಪಾಯಿಂಟು ಹೊಡೆದವ್ರಿಗೆ. ಲೈನ್ ಅಂಪೈರ್ ಬಾವುಟ ಎತ್ತಿ, ಅದರ ತಲೆ ಮೇಲೆ ಇನ್ನೊಂದು ಅಂಗೈ ಇಡಬೇಕು. ಸುಮ್ನೆ ಎತ್ತಿದ್ರೆ ಬರೀ ಔಟು, ಪಾಯಿಂಟು ನಮಗೆ." ಪೆನ್ನನ್ನೇ ಬಾವುಟ ಮಾಡಿ ತೋರಿಸಿದ. ಚಂದ್ರಶೇಖರಪ್ಪ ಮೂರು ಸಲ ಮಾಡಿ ಕಲಿತರು.

ಒಂದೊಂದು ಸೆಟ್ ಹಂಚಿಕೊಂಡಾಯಿತು. ಅಷ್ಟರಲ್ಲಿ ಲೈನ್ ನೋಡುತ್ತಿದ್ದ ಇಬ್ಬರು ಮಾಸ್ತರರಿಗೆ ಖೋಖೋ ಅಂಕಣದಿಂದ ಕರೆ ಬಂತು. ಇಂಥ ಹೊತ್ತಿಗೆ ನಮ್ಮ ಕಡೆ ಒಂದು ಪದ್ಧತಿಯಿದೆ. ಎರಡೂ ಶಾಲೆಯಿಂದ ಒಬ್ಬೊಬ್ಬರನ್ನು ನಿಲ್ಲಿಸುವುದು. ಇಬ್ಬರೂ ಕಳ್ಳರಾದರೆ ಲೆಕ್ಕ ಸಮ ಎಂಬ ನಂಬಿಕೆ ಇರಬೇಕು.

"ನಮ್ಮ ಸೀತಾರಾಮಂಗೆ ಎಲ್ಲಾ ಗೊತ್ತಿದ್ದು" ಎಂದು ಪಕ್ಕದ ಮನೆಯ ವೆಂಕಟ್ರಮಣ ಅವನನ್ನು ಮುಂದಕ್ಕೆ ದೂಡಿದ. ಅವನ ಮಗಳು ಮೇಧಾ ಕೂಡ ಇದೇ ತಂಡದವಳು. ಸೀತಾರಾಮ ಬೇಡವೆನ್ನುವಷ್ಟರಲ್ಲಿ ಕೈಗೆ ಕೆಂಪು ಬಾವುಟ ಬಂದಿತ್ತು. ಆಚೆ ಮೂಲೆಯಲ್ಲಿ ಚಂದ್ರಶೇಖರಪ್ಪ ನಿಂತರು.

ಕೊನೆಯ ಸೆಟ್ಟಿನಲ್ಲಿ ಪ್ರತಿಭಾ ಹೊಡೆದ ಚೆಂಡು ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು. ಚಂದ್ರಶೇಖರಪ್ಪ ತಟ್ಟನೆ ಬಾವುಟ ಎತ್ತಿದರು. ಮಗಳು ಕೆಕ್ಕರಿಸಿದಳು, ಅವರ ಊರಿನವರು ಗೊಣಗಿದರು. ಅವರು ಮಾತ್ರ ಕಂಬದ ಹಾಗೆ ನಿಂತಿದ್ದರು. ಎಂಥ ಮನುಷ್ಯ ಎಂದುಕೊಂಡ ಸೀತಾರಾಮ.

ಹದಿನಾಲ್ಕು ಹದಿಮೂರು. ಗಗನಾಳ ತಂಡಕ್ಕೆ ಇನ್ನೊಂದು ಪಾಯಿಂಟು ಸಾಕು. ಪ್ರತಿಭಾ ಮೇಲೆ ಹಾರಿ ಬೀಸಿದಳು. ತಡೆಯಲು ಗಗನಾ ಹಾರಿದಳು. ಚೆಂಡು ಸೀತಾರಾಮನ ಕಾಲಬುಡದಲ್ಲಿ, ಗೆರೆಯಾಚೆ ಬಿತ್ತು.

ಮಗಳ ನಡುಬೆರಳು ಹಿಂದಕ್ಕೆ ಬಾಗಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಬಾವುಟ ಮೇಲೆ ಹೋಯಿತು. ಎಡ ಅಂಗೈ ಹೋಗಿ ಅದರ ತಲೆಯ ಮೇಲೆ ಕೂರಬೇಕು. ಆ ಕೈ ತೊಡೆಗೆ ಅಂಟಿಕೊಂಡಿತು. ಇಪ್ಪತ್ತು ದಿನ ಕಲಿತದ್ದು ಈ ಕೈಯನ್ನು ಎತ್ತದೇ ಇರಲಿಕ್ಕೆ ಎಂದು ಅವನಿಗೂ ಗೊತ್ತಿರಲಿಲ್ಲ.

ರೆಫರಿ ಗಗನಾಳ ಕಡೆ ಕೈ ಚಾಚಿದರು. ವೆಂಕಟ್ರಮಣ ಅಂಕಣದೊಳಗೇ ನುಗ್ಗಿ ಕುಣಿದ.

ಆಗ ಗಗನಾ ಕೈ ಎತ್ತಿದಳು. "ಸರ್, ನನ್ನ ಬೆರಳಿಗೆ ತಾಗಿದೆ."

ರೆಫರಿ ಸೀತಾರಾಮನತ್ತ ತಿರುಗಿದರು. "ಏನ್ರೀ, ಕಣ್ಣೆದುರಿಗೇ ಆಗಿದೆ. ಕಾಣ್ಲಿಲ್ವಾ?"

ಕಾಣಲಿಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ವೆಂಕಟ್ರಮಣ ನೆರವಿಗೆ ಬಂದ. "ಅವ್ರದ್ದು ಕನ್ನಡಕದ ಅಂಗಡಿ ಸರ್. ಅವ್ರಿಗೆ ಕಾಣದೇ ಇರ್ತದಾ?"

ಗಗನಾ ಅಪ್ಪನನ್ನು ಒಂದು ಸಲ ನೋಡಿದಳು. ಆಮೇಲೆ ರೆಫರಿಗೆ ಹೇಳಿದಳು, "ನಮ್ಮಪ್ಪನಿಗೆ ಸಿಗ್ನಲ್ ಗೊತ್ತಿಲ್ಲ ಸರ್. ಯಲ್ಲಾಪುರದಲ್ಲೂ ತಪ್ಪಾಗಿ ಚಪ್ಪಾಳೆ ತಟ್ಟಿದ್ರು. ಬೇಕಾದ್ರೆ ಎಲ್ಲರನ್ನೂ ಕೇಳಿ."

ಆಚೆ ಮೂಲೆಯಲ್ಲಿ ಚಂದ್ರಶೇಖರಪ್ಪ ಏನೋ ಹೇಳಲು ಬಾಯಿ ತೆರೆದವರು, ಹುಡುಗಿಯ ಮುಖ ನೋಡಿ ಮುಚ್ಚಿಕೊಂಡರು.

"ಹೌದೇನ್ರೀ?" ಎಂದರು ರೆಫರಿ.

"ಹೌದು ಸರ್. ನನಗೆ ಎಂತದೂ ಗೊತ್ತಿಲ್ಲ" ಎಂದ ಸೀತಾರಾಮ.

ಬಾವುಟ ಕಸಿದು ಬೇರೆಯವರಿಗೆ ಕೊಟ್ಟರು. ಹದಿನಾಲ್ಕು ಹದಿನಾಲ್ಕಾಯಿತು. ಮುಂದಿನ ಎರಡೂ ಪಾಯಿಂಟು ಪ್ರತಿಭಾಳ ತಂಡದ ಪಾಲಾದವು. "ಕೂಸಿಗೆ ಸುಮ್ನೆ ಇಪ್ಪಲೆ ಕಲ್ಸಿದ್ದಿಲ್ಯ ನೀನು?" ಎಂದು ವೆಂಕಟ್ರಮಣ ಎಲ್ಲರೆದುರು ಬೈದ. ಚಂದ್ರಶೇಖರಪ್ಪ ಹೋಗುವಾಗ ಗಗನಾಳ ತಲೆ ಸವರಿದರು. ಸೀತಾರಾಮನ ಕಡೆ ನೋಡಲಿಲ್ಲ.

ಇಸಳೂರಿನ ದಾರಿಯಲ್ಲಿ ಮಗಳು ಬೈಕಿನ ಹಿಂದೆ ಕೂತಿದ್ದಳು. ಅವಳ ಮುಖ ಕಾಣದಿದ್ದುದೇ ಅವನಿಗೊಂದು ಸಮಾಧಾನ. ಅರ್ಧ ದಾರಿಯಲ್ಲಿ ಅವಳು ಕರೆದಳು.

"ಅಪ್ಪಾ."

"ಎಂತ?"

"ಕನ್ನಡಿ ಎದ್ರಿಗೆ ಟಚ್ ನೀ ಸರಿಯಾಗೇ ತೋರಿಸ್ತಿದ್ದೆ."

ಮುಂದಿನ ಸಲ ಬರಡ ಎಂದು ಮಾತ್ರ ಈ ಸಲ ಅವಳು ಹೇಳಲಿಲ್ಲ.