ಗೌತಮನ ಸ್ಪೀಕರ್, ಹನಮವ್ವನ ಗಂಟಲು

"ದುಡಿಯಾಂವ ನಾನು, ಖರ್ಚು ಮಾಡಾಂವನೂ ನಾನ! ಈ ತಿಂಗಳಿಂದ ನನ್ನ ಪಗಾರಕ್ಕ ನಾನ ರಾಜಾ!"

ಗೌತಮ ಈ ಐತಿಹಾಸಿಕ ಘೋಷಣೆಯನ್ನು ಮಾಡಿದ್ದು ಬಚ್ಚಲಮನೆಯಲ್ಲಿ, ಬಾಗಿಲ ಚಿಲಕ ಹಾಕಿಕೊಂಡು, ಬಕೆಟ್ಟಿಗೆ ಜೋರಾಗಿ ನೀರು ಬಿಟ್ಟುಕೊಂಡು. ಏಕೆಂದರೆ ಹೊರಗೆ ಅವ್ವ ಇದ್ದಳು!

ಗೌತಮನಿಗೆ ಇಪ್ಪತ್ತೈದು. ವಿಜಯಪುರದ ಬೈಕ್ ಶೋರೂಮೊಂದರಲ್ಲಿ ಕೆಲಸ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅಪ್ಪ-ಅವ್ವನ ಜೊತೆ ವಾಸ. ಬಾಡಿಗೆಯ ಚಿಂತೆಯಿಲ್ಲ, ಕರೆಂಟ್ ಬಿಲ್ಲು ಯಾವ ಬಣ್ಣದ ಕಾಗದದಲ್ಲಿ ಬರುತ್ತದೆಂದು ಗೊತ್ತಿಲ್ಲ, ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ, ಇಸ್ತ್ರಿ ಮಾಡಿದ ಅಂಗಿ. ಇಂಥ ಸಂಸ್ಥಾನದ ಯುವರಾಜನಿಗೆ ಖರ್ಚೆಂದರೆ ಪೆಟ್ರೋಲು ಮತ್ತು ಹೇರ್‌ಕಟ್ಟು, ಅಷ್ಟೇ. ಆದರೂ ಪಗಾರ ತಿಂಗಳ ನಡುವಿಗೇ ಮಾಯವಾಗುತ್ತಿತ್ತು. ಎಲ್ಲಿ ಹೋಯಿತೆಂದು ಕೇಳಿದರೆ ಯುವರಾಜನೇ ಆಶ್ಚರ್ಯಪಡುತ್ತಿದ್ದ.

ಅವ್ವ ಹನಮವ್ವ ಅವನಿಂದ ಕೇಳಿದ್ದು ಒಂದೇ ಒಂದು ವಸ್ತು. ಹೊಸ ಮಿಕ್ಸರ್! ಮನೆಯ ಹಳೆ ಮಿಕ್ಸರು ನೆತ್ತಿಗೆ ಎರಡು ಏಟು ಬೀಳದೆ ತಿರುಗುತ್ತಿರಲಿಲ್ಲ. ತಿರುಗಿದರೂ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿಯಬೇಕು, ಇಲ್ಲವಾದರೆ ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ಸೀದಾ ಮಾಳಿಗೆಗೆ. "ಮುಂದಿನ ಪಗಾರಕ್ಕ ಗ್ಯಾರಂಟಿ ಬೇ ಯವ್ವಾ" ಎಂದು ಗೌತಮ ಭೀಮ ಜಯಂತಿಗೆ ಕೊಟ್ಟ ಮಾತು ಸಂಕ್ರಾಂತಿಗೆ ಬಂದು ನಿಂತಿತ್ತು.

ಸಂಕ್ರಾಂತಿ ಕಳೆದ ವಾರ ಮನೆಯ ಮುಂದೆ ಆಟೋ ಬಂತು. ಅದರೊಳಗಿಂದ ಗೌತಮನೂ ಒಂದು ಭಾರೀ ಪೆಟ್ಟಿಗೆಯೂ ಇಳಿದವು. ಹನಮವ್ವನ ಮುಖ ಅರಳಿತು.

"ಇಷ್ಟ ದೊಡ್ಡ ಮಿಕ್ಸರ್ ಯಾಕ ತಂದ್ಯೋ? ಲಗ್ನದ ಅಡಗಿ ಮಾಡಬೇಕೇನು?"

ಪೆಟ್ಟಿಗೆ ಬಿಚ್ಚಿದಾಗ ಹೊರಬಿದ್ದದ್ದು ಗೌತಮನ ಸೊಂಟದೆತ್ತರದ ಕಪ್ಪು ದೈತ್ಯ. ಅದಕ್ಕೆ ಎರಡು ಗಾಲಿ, ಎರಡು ಮೈಕು, ಮೈತುಂಬ ಬಣ್ಣದ ದೀಪ. ಹನಮವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದಳು.

"ಇದ್ರಾಗ ಜಾರ್ ಎಲ್ಲೈತಿ?"

"ಇದು ಪಾರ್ಟಿ ಸ್ಪೀಕರ್ ಬೇ! ಹಾಡು ಕೇಳಬಹುದು, ನಾವೂ ಹಾಡಬಹುದು, ಹಾಡಿದ್ದನ್ನ ರೆಕಾರ್ಡನೂ ಮಾಡಬಹುದು!"

"ಹಿಂಡಿ ಮಾಡಬಹುದೇನು?"

ಈ ಪ್ರಶ್ನೆಗೆ ಉತ್ತರ ಕಂಪನಿಯವರ ಪುಸ್ತಕದಲ್ಲೂ ಇರಲಿಲ್ಲ. ಮಾತು ತಪ್ಪಿಸಲೆಂದು ಗೌತಮ ಪೆನ್‌ಡ್ರೈವ್ ಸಿಕ್ಕಿಸಿ, ರೆಕಾರ್ಡಿನ ಕೆಂಪು ಗುಂಡಿ ಒತ್ತಿ, ಮೈಕು ಹಿಡಿದು, ಕಣ್ಣು ಮುಚ್ಚಿ ಒಂದು ಸಾಲು ಹಾಡಿದ. ಅಡುಗೆಮನೆಯ ತಾಟುಗಳು ತಾಳ ಹಾಕಿದವು. ಪಕ್ಕದ ಮನೆಯ ಸುರೈಯಾಳ ಕೋಳಿ ಕಾವಿಗೆ ಕೂತಿದ್ದ ಮೊಟ್ಟೆ ಬಿಟ್ಟು ಎದ್ದುಹೋಯಿತು. ಗೌತಮ ಕಣ್ಣು ತೆರೆದಾಗ ಎದುರಿಗೆ ಹನಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

"ಲೇ ಗೌತ್ಯಾ! ಹಸಿ ಟಾವೆಲ್ ಹಾಸಿಗಿ ಮ್ಯಾಲ ಒಗೀತಿ! ಉಂಡ ತಾಟು ಉಂಡಲ್ಲೇ ಬಿಡ್ತಿ! ನಿನ್ನ ಕಾಲ್ಚೀಲದ ಜೋಡಿ ಇನ್ನೂ ನಾನ ಹುಡುಕಿ ಕೊಡಬೇಕು! ಮಿಕ್ಸರ್ ತರ್ತೇನಂತ ಹೇಳಿ ಈ ರಾಕ್ಷಸನ್ನ ತಂದಿ ಏನು? ಏಳು! ನಡಿ! ಮೊದಲ ಇಲ್ಲಿಂದ ಹೊರಗ ನಡಿ!"

ಆಗ ಅಪ್ಪ ಬಾಬು ಡ್ಯೂಟಿ ಮುಗಿಸಿ ಬಂದ. ಅವನು ತಿಕೋಟಾ ಕಡೆಯ ಬಸ್ಸಿನ ಡ್ರೈವರು. ದಿನವಿಡೀ ಹಾರ್ನು ಕೇಳಿದ ಕಿವಿಗೆ ಮನೆಯಲ್ಲಾದರೂ ಶಾಂತಿ ಬೇಕೆನ್ನುವವನು. ಕೂಡಲೇ ತೀರ್ಪು ಹೊರಬಿತ್ತು: ಐತ್ವಾರದೊಳಗೆ ಸ್ಪೀಕರಿನಿಂದ ಮನೆಗೇನು ಉಪಯೋಗವೆಂದು ತೋರಿಸಬೇಕು, ಇಲ್ಲವೇ ಅದನ್ನು ಮಾರಿ ಮಿಕ್ಸರು ತರಬೇಕು. ಗೌತಮ ಸ್ಪೀಕರನ್ನು ತಬ್ಬಿಕೊಂಡ. ಜೀವನದಲ್ಲಿ ಮೊದಲ ಸಲ ತನಗಾಗಿ ಕೊಂಡ ದೊಡ್ಡ ವಸ್ತು ಅದು!

ಮಗನ ಮುಖ ನೋಡಿ ಬಾಬುವಿಗೇ ಕರುಣೆ ಬಂತು. "ನಮ್ಮ ನಿಜಾಮುದ್ದೀನ ದಿನಾ ಬಸ್ಸಿನ್ಯಾಗ ಅಳ್ತಾನ. ಅವನ ದ್ರಾಕ್ಷಿ ತೋಟಕ್ಕ ಗಿಳಿ ಬಿದ್ದಾವಂತ. ಡಬ್ಬಿ ಬಡದಾ, ಪಟಾಕಿ ಹೊಡದಾ, ಯಾವುದಕ್ಕೂ ಅಂಜವಲ್ವು. ಅಲ್ಲಿ ಒಯ್ದು ಹಚ್ಚಿ ನೋಡು."

ಮರುದಿನ ಸ್ಪೀಕರು ಲಗೇಜ್ ಟಿಕೆಟ್ ತೆಗೆಸಿಕೊಂಡು ಅಪ್ಪನ ಬಸ್ಸಿನಲ್ಲೇ ತಿಕೋಟಾಕ್ಕೆ ಹೊರಟಿತು. ಗೌತಮ ಅದನ್ನು ತೋಟದ ನಡುವೆ ನಿಲ್ಲಿಸಿ, ಅದೇ ಪೆನ್‌ಡ್ರೈವ್ ಸಿಕ್ಕಿಸಿ, ಆವಾಜು ಪೂರ್ತಿ ಏರಿಸಿದ. ಗಿಳಿಗಳು ಧಡಕ್ಕನೆ ಎದ್ದವು. ಆಕಾಶದಲ್ಲಿ ಒಂದು ಸುತ್ತು ಹೊಡೆದು ಯೋಚಿಸಿದವು. ಆಮೇಲೆ ಒಂದೊಂದಾಗಿ ವಾಪಸು ಬಂದು ಮೊದಲಿಗಿಂತ ಹೆಚ್ಚು ಉತ್ಸಾಹದಿಂದ ತಿನ್ನತೊಡಗಿದವು. ಒಂದಂತೂ ಸ್ಪೀಕರಿನ ನೆತ್ತಿಯ ಮೇಲೆಯೇ ಕೂತಿತು.

"ತಮ್ಮಾ, ಊಟದ ಜೋಡಿ ಹಾಡಿನ ವ್ಯವಸ್ಥಾನೂ ಮಾಡ್ಯಾರಂತ ತಿಳದಾವ" ಎಂದ ನಿಜಾಮುದ್ದೀನ.

ಗೌತಮ ಬಳ್ಳಿಯ ಕೆಳಗೆ ಕುಕ್ಕರಿಸಿ, ದುಃಖಕ್ಕೆ ತಾನೂ ಒಂದು ಗೊಂಚಲು ಹರಿದುಕೊಂಡ. ಹಾಡುಗಳೆಲ್ಲ ಮುಗಿದು ಪೆನ್‌ಡ್ರೈವಿನ ಕೊನೆಯದು ಶುರುವಾಯಿತು. ಅದು ಹಿಂದಿನ ದಿನ ಮನೆಯಲ್ಲಿ ಅವನೇ ಹಾಡಿದ್ದ ಆ ಒಂದು ಸಾಲು! ಅದನ್ನು ಕೇಳಿ ಇನ್ನಷ್ಟು ಗಿಳಿ ಬಂದು ಕೂತವು. ಕೆಂಪು ಗುಂಡಿಯನ್ನು ಅವನು ಆಮೇಲೆ ಬಂದ್ ಮಾಡಿರಲಿಲ್ಲ ಎನ್ನುವುದು ಮರುಕ್ಷಣವೇ ತಿಳಿಯಿತು.

"ಲೇ ಗೌತ್ಯಾ!"

ಗೌತಮ ಬೆಚ್ಚಿ ಎದ್ದವನೇ ಮೇಲಿನ ತಂತಿಗೆ ತಲೆ ಬಡಿಸಿಕೊಂಡು, ಗೊಂಚಲನ್ನು ಬೆನ್ನ ಹಿಂದೆ ಮುಚ್ಚಿಟ್ಟು, "ನಾ ಏನೂ ಮಾಡಿಲ್ಲ ಬೇ ಯವ್ವಾ!" ಎಂದು ಕೂಗಿದ. ಹಸಿ ಟಾವೆಲ್ಲಿನ ಮಾತಿಗೇ ಅರ್ಧ ತೋಟ ಖಾಲಿಯಾಯಿತು. "ಹೊರಗ ನಡಿ!" ಎನ್ನುವ ಹೊತ್ತಿಗೆ ಇದ್ದಬದ್ದ ಗಿಳಿಗಳೆಲ್ಲ ಭೂತನಾಳ ಕೆರೆಯ ದಿಕ್ಕು ಹಿಡಿದು, ಹಿಂದೆ ತಿರುಗಿಯೂ ನೋಡದೆ ಹಾರಿಹೋದವು.

ನಿಜಾಮುದ್ದೀನ ಟೋಪಿ ತೆಗೆದು ಆಕಾಶ ನೋಡಿದ. "ಪಟಾಕಿ ಒಂದ ನಮೂನಿ ಸಪ್ಪಳ ಮಾಡ್ತೈತಿ ತಮ್ಮಾ, ಹಕ್ಕಿಗೆ ರೂಢಿ ಆಗಿಬಿಡ್ತೈತಿ. ವೈನಿ ದನಿ ಯಾವಾಗ ಏರತೈತಿ, ಯಾವಾಗ ಇಳೀತೈತಿ, ಯಾರಿಗೂ ತಿಳಿಯಂಗಿಲ್ಲ ನೋಡು!"

"ನನಗೂ ಇಪ್ಪತ್ತೈದು ವರ್ಷದಿಂದ ತಿಳಿದಿಲ್ರಿ ಚಾಚಾ" ಎಂದ ಗೌತಮ.

ಸುದ್ದಿ ಹಬ್ಬಲು ತಡವಾಗಲಿಲ್ಲ. ಅಕ್ಕಪಕ್ಕದ ತೋಟದವರು ಪೆನ್‌ಡ್ರೈವ್ ಹಿಡಿದು ಬಂದು ಆ ಬೈಗುಳ ತುಂಬಿಸಿಕೊಂಡು ಹೋದರು, ಸ್ಪೀಕರು ನಿಜಾಮುದ್ದೀನನ ತೋಟದಲ್ಲೇ ಉಳಿಯಿತು. ಹನಮವ್ವನ ದನಿ ತಿಕೋಟಾ ದಾಟಿ ಬಬಲೇಶ್ವರದ ತೋಟಗಳನ್ನೂ ಗೆದ್ದಿತು. ಜನ ಖುಷಿಯಿಂದ ಆ ದನಿಗೆ ಕೊಟ್ಟ ಬಾಡಿಗೆಯಲ್ಲಿ ಗೌತಮ ಐತ್ವಾರ ಸಂಜೆ ಹೊಸ ಮಿಕ್ಸರು ಹಿಡಿದು, ಕಾಲರ್ ಎತ್ತಿಕೊಂಡು ಮನೆಗೆ ಬಂದ.

"ನೋಡ ಬೇ ಯವ್ವಾ! ನಿನ್ನ ಮಗಾ ರೊಕ್ಕಾ ಹಾಳು ಮಾಡಂಗಿಲ್ಲ, ಬೆಳಸ್ತಾನ! ಸ್ಪೀಕರ್‌ಗೆ ಗಿಳಿ ಅಂಜಿ ಓಡ್ಯಾವ!"

ಯಾವ ಹಾಡಿಗೆ ಅಂಜಿದವು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಹನಮವ್ವ ಆನಂದದಿಂದ ಹಿಂಡಿ ಮಾಡಿದಳು. ಮುಚ್ಚಳ ಹಾರಲಿಲ್ಲ! ಗೌತಮ ಗೆದ್ದ ಸರದಾರನಂತೆ ನಾಲ್ಕು ರೊಟ್ಟಿ ಉಂಡ.

ಮರುದಿನ ಬಾಬು ಮನೆಗೆ ಬಂದವನೇ ಹೆಂಡತಿಯನ್ನು ವಿಚಿತ್ರವಾಗಿ ನೋಡಿದ. "ಇವತ್ತ ನೀ ತಿಕೋಟಾಕ್ಕ ಬಂದಿದ್ದೇನು? ರೋಡಿನ ಬಾಜೂಕ ನಿನ್ನ ದನಿ ಕೇಳಿಸ್ತು. ನನ್ನ ಕಾಲು ತಾನ ಬ್ರೇಕಿನ ಮ್ಯಾಲ ಹೋತು. ಬಸ್ಸಿನ ಮಂದಿ ಎಲ್ಲಾ ಮುಂದ ಬಂದು ಬಿದ್ರು!"

ಗೌತಮನ ಬಾಯೊಳಗಿನ ತುತ್ತು ಅಲ್ಲೇ ನಿಂತಿತು. ಹನಮವ್ವ ಮಗನ ಮುಖವನ್ನೊಮ್ಮೆ ನೋಡಿದಳು. ಮರುದಿನ ಬಸ್ಸು ಹತ್ತಿ ಹೋಗಿ, ತೋಟದ ಬದುವಿಗೆ ನಿಂತು, ತನ್ನ ಬೈಗುಳವನ್ನು ತಾನೇ ಮೊದಲಿಂದ ಕೊನೆಯವರೆಗೆ ಕೇಳಿ ಬಂದಳು. ಗೌತಮ ಚಪ್ಪಲಿ ಮೆಟ್ಟಿಕೊಂಡು, ಓಡಲು ತಯಾರಾಗಿ ಬಾಗಿಲಲ್ಲೇ ನಿಂತಿದ್ದ. ಅವಳು ನೀರು ಕುಡಿದು ಗಂಟಲು ಸರಿಮಾಡಿಕೊಂಡಳು.

"ಅವತ್ತ ನನಗ ನೆಗಡಿ ಆಗಿತ್ತು. ದನಿ ಚೊಲೋ ಬಂದಿಲ್ಲ. ಆ ಮಷೀನ್ ತರಸು, ಮತ್ತೊಮ್ಮಿ ಮಾಡೂಣು!"

ಸ್ಪೀಕರು ಮನೆಗೆ ಬಂತು. ಹೊಸ ರೆಕಾರ್ಡಿಂಗು ಗೌತಮನ ಬಾಲ್ಯದಿಂದ ಶುರುವಾಯಿತು. ಅವನೇ ಮರೆತಿದ್ದ ತಪ್ಪುಗಳೂ ಅದರಲ್ಲಿ ಸೇರಿದವು. ಮುಗಿದ ಮೇಲೆ ಅವಳು ಮೈಕನ್ನು ಮಗನ ಕೈಗಿಟ್ಟು, "ಮಿಕ್ಸರ್ ತಂದಿದ್ದು ನಿನ್ನ ಸ್ಪೀಕರ್ ಅಲ್ಲಪಾ, ನನ್ನ ಗಂಟಲು" ಎಂದಳು. ಆದರೂ ಸ್ಪೀಕರು ಉಳಿಯಿತು! ಗೌತಮನಿಗೆ ಅಷ್ಟು ಸಾಕಿತ್ತು.

ಗೆಲುವಿನ ಮೇಲೆ ಗೆಲುವು ಎಂಬಂತೆ ಮುಂದಿನ ತಿಂಗಳು ಬಬಲೇಶ್ವರದಿಂದ ಸಂಬಂಧ ಬಂತು. ಹುಡುಗಿ ನೇತ್ರಾ, ಅಲ್ಲೇ ಸಾಲಿಯಲ್ಲಿ ಟೀಚರು. ಗೌತಮ ಫೋಟೊ ನೋಡಿಯೇ ಅರ್ಧ ಸೋತಿದ್ದ. ಹೊಸ ಅಂಗಿ ತೊಟ್ಟು, ಸೆಂಟು ಸುರಿದುಕೊಂಡು, ನೇತ್ರಾಳ ಮನೆಯಲ್ಲಿ ಅಪ್ಪ-ಅವ್ವನ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತ. ನೇತ್ರಾ ಚಹಾ ಕೊಟ್ಟು ಎದುರಿಗೆ ಕೂತಳು. ಹನಮವ್ವ ಜೇನಿನಂಥ ದನಿಯಲ್ಲಿ ಮಗನ ಗುಣಗಾನ ಶುರುಮಾಡಿದಳು.

"ನಮ್ಮ ಹುಡುಗ ಭಾಳ ಶಿಸ್ತಿನವ್ರೀ. ತನ್ನ ಕೆಲಸ ಎಲ್ಲಾ ತಾನ ಮಾಡ್ಕೊಂತಾನ..."

ಅಷ್ಟರಲ್ಲಿ ಕಿಟಕಿಯಾಚೆಯ ದ್ರಾಕ್ಷಿ ತೋಟದಿಂದ ಅದೇ ದನಿ ಗುಡುಗಿತು. "ಲೇ ಗೌತ್ಯಾ! ಹಸಿ ಟಾವೆಲ್ ಹಾಸಿಗಿ ಮ್ಯಾಲ ಒಗೀತಿ!"

ಬಾಬುವಿನ ಕಾಲು ಇಲ್ಲದ ಬ್ರೇಕನ್ನು ಒತ್ತಿತು. ಗೌತಮನ ಚಹಾ ಹೊಸ ಅಂಗಿಯ ಮೇಲೆ ಇಳಿಯಿತು. ನೇತ್ರಾ ಹನಮವ್ವನನ್ನು ನೋಡಿದಳು, ಕಿಟಕಿ ನೋಡಿದಳು, ಕಡೆಗೆ ಗೌತಮನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಆ ಗೌತ್ಯಾ ನೀವ ಏನ್ರಿ? ದಿನಾ ಮುಂಜಾನೆ ಕೇಳಾಕತ್ತೇನಿ. ಆ ಮನಷ್ಯಾನ್ನ ಒಮ್ಮಿ ನೋಡಬೇಕಂತ ಭಾಳ ಆಸೆ ಇತ್ತು!"

ಎಲ್ಲ ಮುಗಿಯಿತೆಂದು ಗೌತಮ ಎದ್ದು ನಿಂತ. ಹೊರಗೆ ಗಿಳಿಗಳು ಹಾರಿಹೋಗುವ ಸಪ್ಪಳ ಕೇಳುತ್ತಿತ್ತು.

"ಕುಂದರ್ರಿ. ನನಗ ಒಪ್ಪಿಗಿ ಐತಿ" ಎಂದಳು ನೇತ್ರಾ. "ಬ್ಯಾರೆ ಗಂಡುಗಳ ತಪ್ಪು ಲಗ್ನ ಆದಮ್ಯಾಲ ತಿಳೀತಾವ. ನಿಮ್ಮವು ಊರಿಗೇ ಗೊತ್ತದಾವ, ಇನ್ನ ಅಂಜೂದೇನೈತಿ? ಆದ್ರ ನಂದೊಂದು ಮಾತು ಐತಿ."

ಗೌತಮನಿಗೆ ಆಕಾಶ ಮೂರೇ ಗೇಣು! "ಏನ್ ಬೇಕಾದ್ರೂ ಕೇಳ್ರಿ! ನನ್ನ ಪಗಾರಕ್ಕ ನಾನ ರಾಜಾ!"

"ನಿಮಗಲ್ರಿ" ಎಂದು ನೇತ್ರಾ ಹನಮವ್ವನ ಕಡೆ ತಿರುಗಿದಳು. "ಅತ್ತೀ, ಮುಂದಿನ ವರ್ಷದ ರೆಕಾರ್ಡಿಂಗ್ ನಾ ಮಾಡ್ಲೇನ್ರಿ?"

ಹನಮವ್ವ ಅವಳ ಎರಡೂ ಕೈ ಹಿಡಿದುಕೊಂಡಳು.

"ನೀ ಒಬ್ಬಾಕಿನ ಯಾಕ ಮಾಡ್ತಿ ಮಗಳ? ಮೈಕ್ ಎರಡ ಅದಾವ!"